ಒಂದೇ ನೀಟ್, ಎರಡು ವೈದ್ಯ ಪದ್ಧತಿ

ಬಂಗಾರಪೇಟೆ, ಕೆಜಿಎಫ್ ಕಡೆ ದೊಡ್ಡ ಕಾಯಿಲೆ ಬಂದರೆ ಜನರ ಬಾಯಲ್ಲಿ ಮೊದಲು ಬರುವ ಹೆಸರು ಕೋಲಾರದ ಟಮಕದಲ್ಲಿರುವ ಜಾಲಪ್ಪ ಆಸ್ಪತ್ರೆ. ಚಿನ್ನದ ಗಣಿ ನಡೆಯುತ್ತಿದ್ದಾಗ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಕಂಪನಿಯದೇ ಆಸ್ಪತ್ರೆಯಿತ್ತು. ಕಲ್ಲುಧೂಳು ಕುಡಿದ ಗಣಿ ಕಾರ್ಮಿಕರಿಗೆ ಸಿಲಿಕೋಸಿಸ್ ಬಂದಿದೆಯೇ ಎಂದು ಎದೆಯ ಎಕ್ಸ್‌ರೇ ತೆಗೆದು ನೋಡುತ್ತಿದ್ದ ಊರು ಇದು. 2001ರಲ್ಲಿ ಗಣಿ ಮುಚ್ಚಿತು. ಡಾಕ್ಟರ್ ಎಂದರೆ ಎಕ್ಸ್‌ರೇ, ಇಂಜೆಕ್ಷನ್, ಬಿಳಿ ಕೋಟು ಎನ್ನುವ ನಂಬಿಕೆ ಮಾತ್ರ ಮನೆಮನೆಗಳಲ್ಲಿ ಉಳಿಯಿತು. ಹಾಗಾಗಿ ಇಲ್ಲಿನ ಮಕ್ಕಳು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯುವುದು ಎಂಬಿಬಿಎಸ್‌ಗೆಂದು. ರ‍್ಯಾಂಕು ಕೈಗೆ ಬಂದ ಮೇಲೆ ಆಯುಷ್ ಪದ್ಧತಿಗಳ, ಅಂದರೆ ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್‌ಎಂಎಸ್ ಮಾತು ಏಳುತ್ತದೆ. ಅಲೋಪತಿ, ಆಯುಷ್ ಎರಡಕ್ಕೂ ಅರ್ಜಿ ಹಾಕಬಹುದೇ? ಖಂಡಿತ ಹಾಕಬಹುದು. ಹೇಗೆ ಹಾಕಬೇಕು, ಹಾಕಿದರೆ ಏನಾಗುತ್ತದೆ ಎನ್ನುವಲ್ಲೇ ಗೊಂದಲ.

ಪರೀಕ್ಷೆ ಒಂದೇ. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರದ್ದು. ಅಲೋಪತಿಗೂ ಆಯುರ್ವೇದ, ಹೋಮಿಯೋಪತಿ, ಯುನಾನಿಗೂ ಅದೇ ಅಂಕ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಮಾತ್ರ ರಾಜ್ಯದ ಸಿಇಟಿ ರ‍್ಯಾಂಕಿನ ದಾರಿ ಹಿಡಿದು ಬಂದಿದೆ. ಆದ್ದರಿಂದ ಆ ಕೋರ್ಸಿನ ಮೇಲೂ ಕಣ್ಣಿರುವವರು ಸಿಇಟಿ ತಪ್ಪಿಸುವ ಹಾಗಿಲ್ಲ.

ಪರೀಕ್ಷೆ ಒಂದಾದರೂ ಬಾಗಿಲು ಮೂರು. ರಾಜ್ಯದ ಸೀಟುಗಳನ್ನು, ಎಂಬಿಬಿಎಸ್ ಇರಲಿ ಆಯುಷ್ ಇರಲಿ, ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಂಚುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರಷ್ಟು ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ ಕೈಯಲ್ಲಿವೆ. ಆಯುಷ್‌ನ ಅಖಿಲ ಭಾರತ ಕೋಟಾಕ್ಕೆ ಎಎಸಿಸಿಸಿ ಎಂಬ ಮತ್ತೊಂದು ಸಮಿತಿ. ಮೂರಕ್ಕೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ದಿನಾಂಕ.

ಕೋಲಾರ ಜಿಲ್ಲೆಯವರು ಎಡವುವುದು ಇಲ್ಲೇ. ಜಾಲಪ್ಪ ಆಸ್ಪತ್ರೆಗೆ ಸೇರಿದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರದು, ಬಂಗಾರಪೇಟೆಯಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ತಲುಪಬಹುದು. ಆದರೆ 2007ರಿಂದ ಅದು ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಕೆಇಎ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅದರ ಹೆಸರು ಸಿಗುವುದಿಲ್ಲ, ಅಲ್ಲಿ ಓದಬೇಕೆಂದರೆ ಎಂಸಿಸಿ ಬಾಗಿಲನ್ನೇ ತಟ್ಟಬೇಕು, ಡೀಮ್ಡ್ ಶುಲ್ಕವನ್ನೇ ಕಟ್ಟಬೇಕು. ಮನೆ ಪಕ್ಕದ ಕಾಲೇಜಿಗೆ ದೆಹಲಿಯ ಮೂಲಕ ಅರ್ಜಿ! ವಿಚಿತ್ರವೆನಿಸಿದರೂ ನಿಯಮ ಅದೇ.

ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವ ಕೆಇಎ ಆಪ್ಷನ್ ಎಂಟ್ರಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಸಿಗದ ಎಂಬಿಬಿಎಸ್ ಕಾಲೇಜುಗಳನ್ನು ಮೇಲೆ ಬರೆದರೆ ಸಿಗಬೇಕಾದ ಬಿಎಎಂಎಸ್ ಕೂಡ ಕೈತಪ್ಪುತ್ತದೆ ಎಂದು ಸೈಬರ್ ಸೆಂಟರಿನಲ್ಲಿ ಹೆದರಿಸುವವರಿದ್ದಾರೆ. ಅದು ಸುಳ್ಳು. ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಎತ್ತಿಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ಪಟ್ಟಿಯ ಮೊದಲ ಸಾಲಿನಿಂದ ನೋಡುತ್ತಾ ಇಳಿಯುತ್ತದೆ, ಖಾಲಿಯಿರುವ ಮೊದಲ ಸೀಟು ಕಂಡಲ್ಲಿ ನಿಲ್ಲುತ್ತದೆ. ನಿಮ್ಮ ಹಿಂದಿನ ರ‍್ಯಾಂಕಿನವರು ಅದೇ ಬಿಎಎಂಎಸ್ ಸೀಟನ್ನು ಮೊದಲ ಸಾಲಿನಲ್ಲಿ ಬರೆದಿದ್ದರೂ ನಿಮ್ಮನ್ನು ದಾಟಿ ಅವರಿಗೆ ಹೋಗುವುದಿಲ್ಲ. ಹಾಗಾಗಿ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ. ಅಪಾಯ ಇರುವುದು ಬೇರೆ ಕಡೆ: ಸೇರಲು ಮನಸ್ಸಿಲ್ಲದ, ಶುಲ್ಕ ಕಟ್ಟಲಾಗದ ಕಾಲೇಜನ್ನು ಇರಲಿ ಎಂದು ನಡುವೆ ತುರುಕಿದರೆ ಹಂಚಿಕೆ ಅಲ್ಲೇ ನಿಂತು, ಕೆಳಗಿದ್ದ ಒಳ್ಳೆಯ ಸೀಟು ಕಣ್ಣೆದುರೇ ಹೋಗುತ್ತದೆ. ಎಲ್ಲ ಕೋರ್ಸಿಗೂ ಒಂದೇ ಪಟ್ಟಿಯೋ ಬೇರೆಬೇರೆಯೋ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಿಕೊಳ್ಳಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೂ ಇಂಥದ್ದೇ ಜೋಡಿ ಅರ್ಜಿಯ ಪ್ರಶ್ನೆ ಎದುರಾಗುತ್ತದೆ. ಅಲ್ಲಿ ಎಂ.ಡಿ. ಜೊತೆಗೆ ಡಿ.ಒ. ಎಂಬ ಆಸ್ಟಿಯೋಪತಿ ಪದವಿಯಿದೆ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದ. ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಕಲೆಯಾಗಿ ಶುರುವಾದದ್ದು ಕಾಲಕ್ರಮದಲ್ಲಿ ಔಷಧ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಒಳಗೆ ತೆಗೆದುಕೊಂಡಿತು. 1962ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 2,000 ಡಿ.ಒ. ವೈದ್ಯರು 65 ಡಾಲರ್ ಕಟ್ಟಿ ಎಂ.ಡಿ. ಆಗಿಬಿಟ್ಟರು. 2020ರಿಂದ ಎರಡೂ ಪದವಿಯವರ ಸ್ನಾತಕೋತ್ತರ ತರಬೇತಿಗೆ ಒಂದೇ ಮಾನ್ಯತಾ ವ್ಯವಸ್ಥೆ. ಅರ್ಜಿಯ ಜಾಲತಾಣ ಎರಡಾದರೂ ಓದಿ ಹೊರಬಂದವರ ಅಧಿಕಾರ ಒಂದೇ.

ನಮ್ಮಲ್ಲಿ ಹಾಗಿಲ್ಲ, ಇದನ್ನು ಮನೆಯವರೆಲ್ಲ ಕೂತು ಅರ್ಥ ಮಾಡಿಕೊಳ್ಳಬೇಕು. ಎಂಬಿಬಿಎಸ್, ಬಿಎಎಂಎಸ್ ಎರಡಕ್ಕೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕರ್ನಾಟಕದಲ್ಲಿ ಬಹುಪಾಲು ಕಾಲೇಜುಗಳಿಗೆ ಪದವಿ ಕೊಡುವುದೂ ಅದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಆದರೆ ಮೊದಲ ವರ್ಷ ಒಬ್ಬರ ಕೈಯಲ್ಲಿ ಬಯೋಕೆಮಿಸ್ಟ್ರಿ, ಇನ್ನೊಬ್ಬರ ಕೈಯಲ್ಲಿ ಸಂಸ್ಕೃತ ಮತ್ತು ಸಂಹಿತೆ. ಓದು ಮುಗಿದ ಮೇಲೆ ಒಬ್ಬರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಇನ್ನೊಬ್ಬರದು ಆಯುರ್ವೇದ ಮತ್ತು ಯುನಾನಿ ಮಂಡಳಿಯಲ್ಲಿ. ಬಿಎಎಂಎಸ್ ಮುಗಿಸಿ ನೀಟ್ ಪಿಜಿ ಬರೆಯುವಂತಿಲ್ಲ, ಅವರಿಗೆ ಎಐಎಪಿಜಿಇಟಿ ಎಂಬ ಬೇರೆ ಪರೀಕ್ಷೆ. ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧ ಕೊಟ್ಟದ್ದನ್ನು 1996ರ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯವೆಂದೇ ತೀರ್ಮಾನಿಸಿತು. ಆಯುರ್ವೇದ ವೈದ್ಯರಿಗೆ ಎಂಬಿಬಿಎಸ್ ವೈದ್ಯರ ಸಮ ವೇತನ ಕೊಡಬೇಕೆಂಬ ವಾದವನ್ನು 2023ರಲ್ಲಿ ತಳ್ಳಿಹಾಕಿತು. 2020ರಲ್ಲಿ ಆಯುರ್ವೇದದ ಶಸ್ತ್ರಚಿಕಿತ್ಸಾ ವಿಭಾಗಗಳಾದ ಶಲ್ಯ, ಶಾಲಾಕ್ಯ ಸ್ನಾತಕೋತ್ತರರಿಗೆ 58 ಬಗೆಯ ಶಸ್ತ್ರಚಿಕಿತ್ಸೆಗೆ ಅವಕಾಶ ಕೊಟ್ಟಾಗ ಅಲೋಪತಿ ವೈದ್ಯರ ಕಡೆಯಿಂದ ಗಲಾಟೆಯೇ ಎದ್ದಿತು.

ಇಷ್ಟು ಹೇಳಿದ್ದು ಬಿಎಎಂಎಸ್ ಬೇಡ ಎನ್ನಲು ಅಲ್ಲ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ಬೇರು 1908ರದು. 1924ರಲ್ಲಿ ಶುರುವಾದ ಮೈಸೂರು ವೈದ್ಯಕೀಯ ಕಾಲೇಜಿಗಿಂತ ಅದು ಹಿರಿಯದು. ಆಯುರ್ವೇದವನ್ನೇ ಮಾಡುತ್ತೇನೆ ಎನ್ನುವವರಿಗೆ ಅದು ಪೂರ್ತಿ ಬದುಕು. ಬಿಎಎಂಎಸ್ ಸೇರಿ ಮುಂದೆ ಅಲೋಪತಿಗೆ ದಾಟಿಕೊಳ್ಳೋಣ ಎನ್ನುವವರಿಗೆ ಮಾತ್ರ ಅಂಥ ಸೇತುವೆ ಇಲ್ಲ. ಅಂಥವರು ಇನ್ನೊಂದು ವರ್ಷ ನೀಟ್‌ಗೆ ಕೂರುವುದೇ ಲೇಸು.

ಕೊನೆಗೆ ಗಡಿನಾಡಿನವರಿಗೊಂದು ಕಿವಿಮಾತು. ಕೆಜಿಎಫ್ ಮಕ್ಕಳಲ್ಲಿ ಹಲವರ ಮನೆಮಾತು ತಮಿಳು ಅಥವಾ ತೆಲುಗು. ಕೆಲವರು ಗಡಿಯಾಚೆ ಕುಪ್ಪಂ, ವೆಲ್ಲೂರು ಕಡೆ ಓದಿ ಬಂದವರು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲಿನ ಕೇಂದ್ರಗಳಲ್ಲಿ ಸಿಗುತ್ತದೆ, ತಮಿಳಿನದು ಇಲ್ಲಿ ಸಿಗದು. ರಾಜ್ಯದ ಸೀಟಿಗೆ ಕರ್ನಾಟಕದಲ್ಲಿ ನಿಗದಿತ ವರ್ಷ ಓದಿದ್ದಕ್ಕೆ ದಾಖಲೆ ಬೇಕು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ 1ರಿಂದ 10ನೇ ತರಗತಿಯವರೆಗಿನ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿಯೂ ಬೀಳಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಅಷ್ಟೂ ಕಡೆ ಓಡಾಡಬೇಕು. ಫಲಿತಾಂಶಕ್ಕೆ ಕಾಯದೆ ಈಗಲೇ ಮಾಡಿಸಿಟ್ಟುಕೊಳ್ಳಿ.