ಮಳೆಯನ್ನು ಇಂಚಿನಲ್ಲಿ ಅಳೆಯುವ ಪತ್ರಿಕೆ

ರಾಜ್ಯಮಟ್ಟದ ಪತ್ರಿಕೆಗಳು ‘ಕೊಡಗಿನಲ್ಲಿ ಭಾರಿ ಮಳೆ’ ಎಂದು ಬರೆದು ಮುಂದಿನ ಸುದ್ದಿಗೆ ಹೋಗುತ್ತವೆ. ಮಡಿಕೇರಿಯ ‘ಶಕ್ತಿ’ ಭಾಗಮಂಡಲಕ್ಕೆ ಎಷ್ಟು, ನಾಪೋಕ್ಲಿಗೆ ಎಷ್ಟು, ಶಾಂತಳ್ಳಿಗೆ ಎಷ್ಟು ಅಂತ ಊರೂರಿನ ಲೆಕ್ಕ ಕೊಡುತ್ತೆ. ಅದೂ ಇಂಚಿನಲ್ಲಿ! ಕಾಫಿ ತೋಟದವರ ಬಾಯಲ್ಲಿ ಇವತ್ತಿಗೂ ಮಳೆ ಅಂದ್ರೆ ಇಂಚೇ.

ನಜರ್‌ಬಾದ್‌ನಲ್ಲಿ ನಮ್ಮ ಮೇಲ್ಮನೆಯ ಆಂಟಿ ನಾಪೋಕ್ಲು ಕಡೆಯವರು. ಇಲ್ಲಿಂದ ಮಡಿಕೇರಿ ಸುಮಾರು 120 ಕಿ.ಮೀ. ಆದರೂ ಬೆಳಗ್ಗೆ ಕಾಫಿ ಜೊತೆ ಫೋನ್‌ನಲ್ಲಿ ಮೊದಲು ಊರಿನ ಪತ್ರಿಕೆ ತೆರೆಯಲೇಬೇಕು. ಮಳೆ, ಕರಿಮೆಣಸಿನ ದರ, ನಿಧನ ವಾರ್ತೆ, ಕೊನೆಗೆ ರಾಜಕೀಯ. ‘ಅಲ್ಲಪ್ಪ, ಯಾರು ಹೋದ್ರು ಅಂತ ಗೊತ್ತಾಗದಿದ್ರೆ ಸಾವಿನ ಮನೆಗೆ ಹೋಗೋದು ಹೇಗೆ?’ ಅಂತಾರೆ. ಕೊಡವರ ಹೆಸರಿನ ಮುಂದೆ ಮನೆತನದ ಹೆಸರಿರುತ್ತೆ. ಅದನ್ನು ನೋಡಿದ ಕೂಡಲೇ ನೆಂಟಸ್ತಿಕೆ ಎಲ್ಲಿಂದ ಎಲ್ಲಿಗೆ ಅಂತ ಅವರಿಗೆ ಗೊತ್ತಾಗಿಬಿಡುತ್ತೆ.

ಈ ಪುಟ್ಟ ಗುಡ್ಡಗಾಡು ಜಿಲ್ಲೆಯ ಪತ್ರಿಕೆಗಳ ಕಥೆ ದೊಡ್ಡದೇ ಇದೆ.

ವಾರಪತ್ರಿಕೆಯಿಂದ ಶುರು

1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್, ಮುಂದೆ ಕೊಡಗಿನಲ್ಲೂ ಕೆಲಸ ಮಾಡಿದವರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷ್‌ನಲ್ಲಿ ಪುಸ್ತಕವನ್ನೂ ಬರೆದರು. ಆದರೆ ಅದು ಹೊರಗಿನಿಂದ ಬಂದವರ ನೋಟ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ‘ಕೊಡಗಿನ ಗಾಂಧಿ’ ಎನಿಸಿಕೊಂಡ ಪಂದ್ಯಂಡ ಬೆಳ್ಯಪ್ಪ ‘ಕೊಡಗು’ ಎಂಬ ಕನ್ನಡ ವಾರಪತ್ರಿಕೆ ನಡೆಸಿದರು. ಊರಿನವರ ಮಾತು ಊರಿನವರಿಂದಲೇ ಅಚ್ಚಾಗತೊಡಗಿತು.

ವಿಧಾನಸಭೆ ಹೋಯ್ತು, ಪತ್ರಿಕೆ ಬಂತು

ಸ್ವಾತಂತ್ರ್ಯದ ನಂತರ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು ಅನ್ನೋದು ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. 24 ಸ್ಥಾನಗಳ ವಿಧಾನಸಭೆ, ಮುಖ್ಯಮಂತ್ರಿಯಾಗಿ ಸಿ.ಎಂ. ಪೂಣಚ್ಚ. 1952ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 15 ಸ್ಥಾನ. ಮೈಸೂರಿನ ಜೊತೆ ವಿಲೀನ ಬೇಡ ಎಂದ, ಬೆಳ್ಯಪ್ಪನವರ ‘ತಕ್ಕಡಿ’ ಪಕ್ಷಕ್ಕೆ 9.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಮಡಿಕೇರಿಯಲ್ಲೇ ನಡೆಯುತ್ತಿದ್ದ ಅಧಿಕಾರ ಬೆಂಗಳೂರಿಗೆ ಹೋಯಿತು. ಮರುವರ್ಷ, 1957ರಲ್ಲಿ, ಬಿ.ಎಸ್. ಗೋಪಾಲಕೃಷ್ಣ ‘ಶಕ್ತಿ’ ಆರಂಭಿಸಿದರು. ಎರಡೂ ಕಾಕತಾಳೀಯ ಇರಬಹುದು. ಆದರೆ ರಾಜಧಾನಿ ದೂರವಾದಾಗ ರಸ್ತೆ ಗುಂಡಿ, ಆನೆ ಹಾವಳಿಯಂಥ ಅಹವಾಲುಗಳನ್ನು ಹೊತ್ತೊಯ್ಯಲು ಯಾರಾದರೂ ಬೇಕಿತ್ತಲ್ಲ?

ಕೊಡವ ಭಾಷೆಗೂ ಉಳ್ಳಿಯಡ ಪೂವಯ್ಯನವರ ‘ಬ್ರಹ್ಮಗಿರಿ’ ವಾರಪತ್ರಿಕೆ ಸಿಕ್ಕಿತು. ಲಿಪಿ ಕನ್ನಡ, ನುಡಿ ಕೊಡವ. 2011ರ ಜನಗಣತಿ ಪ್ರಕಾರ ಈ ಭಾಷೆ ಆಡುವವರು ಸುಮಾರು 1.13 ಲಕ್ಷ. ಇಷ್ಟು ಚಿಕ್ಕ ಓದುಗ ಬಳಗಕ್ಕೆ ವಾರ ವಾರ ಸುದ್ದಿ ಬರೆಯೋದು ಲಾಭದ ಲೆಕ್ಕ ಹಾಕಿ ಮಾಡುವ ಕೆಲಸವಲ್ಲ.

ಗುಡ್ಡ ಕುಸಿದಾಗ

2018ರ ಆಗಸ್ಟ್ ನೆನಪಿರಬೇಕು. ಗುಡ್ಡಗಳು ಜಾರಿದವು, ಜೋಡುಪಾಲದ ಬಳಿ ಮಂಗಳೂರು ರಸ್ತೆ ಕಡಿದುಹೋಯಿತು. ಅಂಥ ಹೊತ್ತಲ್ಲಿ ವಾಟ್ಸ್ಆ್ಯಪ್‌ಗೆ ಬಂದ ವಿಡಿಯೊ ಯಾವ ಊರಿನದು, ಯಾವಾಗಿನದು ಅಂತ ಯಾರು ಹೇಳ್ತಾರೆ? ಊರಿನ ವರದಿಗಾರನಾದರೆ ಆ ತಿರುವು ಗೊತ್ತು, ಆ ಮನೆಯವರ ಹೆಸರೂ ಗೊತ್ತು.

ಸಾಫ್ಟ್‌ವೇರ್ ಕೆಲಸದವನಾಗಿ ಒಂದು ಮಾತು. ಎಷ್ಟೇ ಚೆನ್ನಾಗಿರೋ ಆ್ಯಪ್ ಕೂಡ ಯಾರೋ ಊರಲ್ಲಿದ್ದು ಬರೆದದ್ದನ್ನು ನಮಗೆ ತಲುಪಿಸುತ್ತೆ ಅಷ್ಟೇ. ಬರೆಯುವವರ ಸಂಬಳ ಚಂದಾ ಮತ್ತು ಜಾಹೀರಾತಿನಿಂದ ಬರಬೇಕು. ನಾವು ಮಾತ್ರ ಪತ್ರಿಕೆಯ ಪಿಡಿಎಫ್ ಅನ್ನು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಪುಕ್ಕಟೆ ಫಾರ್ವರ್ಡ್ ಮಾಡ್ತಾ ಇರ್ತೀವಿ.

ನಿಮ್ಮೂರಿಗೂ ಇಂಥದ್ದೊಂದು ಪತ್ರಿಕೆ ಇದ್ದೀತು. ಅದರ ವರ್ಷದ ಚಂದಾ ಎಷ್ಟು ಅಂತ ಒಮ್ಮೆ ಕೇಳಿ, ಓಟಿಟಿಗೆ ತಿಂಗಳಿಗೆ ಕಟ್ಟುವ ದುಡ್ಡಿನ ಪಕ್ಕ ಇಟ್ಟು ನೋಡಿ. ಯಾವ ಪತ್ರಿಕೆ ಅಂತ ನಮಗೂ ಬರೆದು ತಿಳಿಸಿ.