ಕೊಂಡ ವಸ್ತುವಿನ ಸಿದ್ಧ-ಸಾಧ್ಯಗಳು

ವಿಜಯನಗರದ ಕಾಲದ ಶಾಸನಗಳನ್ನು ಓದಿದವರಿಗೆ ಒಂದು ಪದಸರಣಿ ಚೆನ್ನಾಗಿ ಪರಿಚಿತವಾಗಿರುತ್ತದೆ. ಭೂಮಿಯನ್ನು ದಾನವಾಗಿ ಕೊಡಲಿ, ಕ್ರಯಕ್ಕೆ ಕೊಡಲಿ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನೂ ಅದರೊಡನೆ ಬಿಟ್ಟುಕೊಟ್ಟುದಾಗಿ ಬರೆಸುವುದು ಆಗಿನ ವಾಡಿಕೆ. ಅಷ್ಟಭೋಗ ತೇಜಸ್ವಾಮ್ಯವೆಂದು ಇದಕ್ಕೆ ಹೆಸರು. ತರಗತಿಯಲ್ಲಿ ಇದನ್ನು ವಿವರಿಸುವಾಗ ಕೊನೆಯ ಎರಡು ಪದಗಳ ಬಳಿ ನಾನು ತುಸು ಹೊತ್ತು ನಿಲ್ಲುವುದುಂಟು. ಸಿದ್ಧವೆಂದರೆ ಈಗಾಗಲೇ ಆಗಿ ನಿಂತಿರುವ ಫಲ. ಉತ್ತು ಹದಗೊಂಡ ಗದ್ದೆ, ಕಾಯಿಬಿಟ್ಟ ತೆಂಗು. ಸಾಧ್ಯವೆಂದರೆ ಪಡೆದವನು ಇನ್ನು ಮುಂದೆ ತನ್ನ ಬುದ್ಧಿಯಿಂದಲೂ ಬೆವರಿನಿಂದಲೂ ಅದರಲ್ಲಿ ಆಗಿಸಿಕೊಳ್ಳಬಹುದಾದುದು. ಇಂದು ಇರುವುದನ್ನು ಮಾತ್ರವಲ್ಲದೆ ನಾಳೆ ಆಗಬಹುದಾದುದನ್ನೂ ಕೊಟ್ಟಲ್ಲದೆ ಕೊಟ್ಟಂತಾಗದು ಎಂಬ ತಿಳಿವು ಆ ಶಾಸನಕಾರರಿಗಿತ್ತು.

ಆ ತಿಳಿವು ನಮ್ಮ ಕಾಲದಲ್ಲಿ ಮಸುಕಾಗಿದೆಯೆಂಬುದು ನನಗೆ ಮನದಟ್ಟಾದುದು ಶಾಸನದಿಂದಲ್ಲ, ಒಂದು ಫೋನಿನಿಂದ.

2011ರಲ್ಲಿ ತಿಂಗಳ ಸಂಬಳದ ಬಹುಪಾಲನ್ನು ತೆತ್ತು ಒಂದು ಸ್ಮಾರ್ಟ್ ಫೋನನ್ನು ಕೊಂಡೆ. ಕೆಲವು ದಿನಗಳಲ್ಲೇ ಊರಿನಿಂದ ತಂಗಿಯ ಸಂದೇಶವೊಂದು ಬಂದಿತು. ತೆರೆದು ನೋಡಿದರೆ ಅಕ್ಷರಗಳಿಲ್ಲ. ಸಾಲಾಗಿ ಜೋಡಿಸಿಟ್ಟ ಖಾಲಿ ಚೌಕಗಳು! ಏನೋ ಹಬ್ಬದ ಹಾರೈಕೆಯಿರಬೇಕೆಂದು ಸುಮ್ಮನಾದೆ. ಸಂಜೆ ಅವಳೇ ಕರೆಮಾಡಿ, “ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ ಬೆಳಗ್ಗೆಯೇ ಬರೆದೆನಲ್ಲ ಅಣ್ಣ, ನೋಡಲಿಲ್ಲವೆ?” ಎಂದಳು. ಅಪ್ಪ ಗುಣಹೊಂದಿ ಮನೆಗೆ ಬಂದರು. ಆದರೆ ಆ ಒಂದು ಹಗಲು ನನ್ನ ಮನಸ್ಸಿನಿಂದ ಇಂದಿಗೂ ಮಾಸಿಲ್ಲ. ತಂಗಿಯ ಕೈಯಲ್ಲಿದ್ದುದು ಅಗ್ಗದ ಗುಂಡಿಯ ಫೋನು. ಅದಕ್ಕೆ ಕನ್ನಡ ಬರುತ್ತಿತ್ತು. ಕನ್ನಡ ಪಾಠ ಹೇಳುವ ನನ್ನ ಬೆಲೆಬಾಳುವ ಫೋನಿಗೆ ಬರುತ್ತಿರಲಿಲ್ಲ.

ಬಸ್ಸು ನಿಲ್ದಾಣದ ಮಗ್ಗುಲಲ್ಲಿ ಮೊಬೈಲು ರಿಪೇರಿಯ ಒಂದು ಪುಟ್ಟ ಅಂಗಡಿ. ಅದರ ಹುಡುಗ ಫೋನನ್ನು ತಿರುವಿ ನೋಡಿ, “ಇದಕ್ಕೆ ಕನ್ನಡ ಬರುತ್ತೆ ಮೇಷ್ಟ್ರೆ. ಕಲಿಸೋಕೆ ಹೋದರೆ ಬಾಗಿಲು ಹಾಕಿಟ್ಟಿದ್ದಾರೆ, ಅಷ್ಟೆ” ಎಂದ. ಎರಡು ಗಂಟೆಗಳಲ್ಲಿ ಆ ಬಾಗಿಲನ್ನು ತೆರೆದು, ತಯಾರಕರ ತಂತ್ರಾಂಶವನ್ನು ತೆಗೆದು, ಹವ್ಯಾಸಿಗಳು ಸಿದ್ಧಪಡಿಸಿದ್ದ ಬೇರೊಂದನ್ನು ತುಂಬಿದ. ತಂಗಿಯ ಹಳೆಯ ಸಂದೇಶ ಒತ್ತಕ್ಷರ ಸಮೇತ ತೆರೆಯ ಮೇಲೆ ಮೂಡಿ ನಿಂತಿತು. ಆಂಡ್ರಾಯ್ಡ್ ತಂತ್ರಾಂಶದಲ್ಲಿ ಕನ್ನಡ ಲಿಪಿಗೆ ತಯಾರಕರಿಂದಲೇ ಎಡೆ ದೊರೆತದ್ದು 2012ರಲ್ಲಿ. ಅದಕ್ಕೆ ಮೊದಲು ನಮ್ಮ ನುಡಿ ಎಷ್ಟೋ ಫೋನುಗಳೊಳಕ್ಕೆ ಹೊಕ್ಕದ್ದು ಇಂತಹ ಹಿಂಬಾಗಿಲಿನಿಂದಲೇ.

ನಾಲ್ಕು ತಿಂಗಳ ಮೇಲೆ ಚಾರ್ಜಿನ ತಂತಿ ಸಿಕ್ಕಿಸುವ ಕಿಂಡಿ ಸಡಿಲವಾಯಿತು. ವಾರಂಟಿಯಿತ್ತಾದ್ದರಿಂದ ತಯಾರಕರ ಸೇವಾಕೇಂದ್ರಕ್ಕೆ ಒಯ್ದೆ. “ಒಳಗಿನ ಸಾಫ್ಟ್‌ವೇರ್ ಬದಲಾಗಿದೆ ಸಾರ್, ವಾರಂಟಿ ಸಲ್ಲುವುದಿಲ್ಲ” ಎಂಬ ಉತ್ತರ ಬಂದಿತು. ಲಿಪಿಗೂ ಕಿಂಡಿಗೂ ಏನು ಸಂಬಂಧವೆಂದು ಕೇಳಿದೆ. “ರೂಲ್ಸ್ ಹಾಗಿದೆ ಸಾರ್.” ಹಾಗಾದರೆ ನಾನು ತೆತ್ತ ಹಣಕ್ಕೆ ನನಗೆ ದೊರೆತುದೇನು? ಸಿದ್ಧವನ್ನು ಮಾರಿ ಸಾಧ್ಯವನ್ನು ಅವರೇ ಉಳಿಸಿಕೊಂಡರೆ?

ಇದು ನನ್ನೊಬ್ಬನ ಪ್ರಶ್ನೆಯಲ್ಲ, ಹೊಸ ಪ್ರಶ್ನೆಯೂ ಅಲ್ಲ. ಇದರ ಮೊದಲ ದೊಡ್ಡ ವ್ಯಾಜ್ಯ ನಡೆದದ್ದು ಅಮೆರಿಕಾ ದೇಶದಲ್ಲಿ. ಅದೂ ಒಂದು ಫೋನಿಗೆ ಸಂಬಂಧಿಸಿದ್ದೇ. ‘ಹಷ್-ಎ-ಫೋನ್’ ಎಂಬುದು ಬಟ್ಟಲಿನಂತಹ ಒಂದು ಸರಳ ಸಾಧನ. ಟೆಲಿಫೋನಿನಲ್ಲಿ ಮಾತನಾಡುವ ತುದಿಗೆ ಅದನ್ನು ಸಿಕ್ಕಿಸಿಕೊಂಡರೆ ಪಕ್ಕದಲ್ಲಿರುವವರಿಗೆ ಮಾತು ಕೇಳಿಸದು. ಅದರಲ್ಲಿ ವಿದ್ಯುತ್ತಿಲ್ಲ, ತಂತಿಯಿಲ್ಲ. ಆದರೆ ಅಲ್ಲಿಯ ಟೆಲಿಫೋನು ವ್ಯವಸ್ಥೆಯ ಬಹುಭಾಗವನ್ನು ಕೈಯಲ್ಲಿಟ್ಟುಕೊಂಡಿದ್ದ ಏ.ಟಿ. ಅಂಡ್ ಟಿ. ಸಂಸ್ಥೆ, ತಾನು ಒದಗಿಸದ ಯಾವ ಸಾಧನವನ್ನೂ ಟೆಲಿಫೋನಿಗೆ ಜೋಡಿಸಕೂಡದೆಂದು ಪಟ್ಟುಹಿಡಿಯಿತು. ಸಂಪರ್ಕ ಆಯೋಗವೂ ಸಂಸ್ಥೆಯ ಕಡೆಗೇ ವಾಲಿತು. 1956ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ತಳ್ಳಿಹಾಕಿತು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಮಾತನಾಡುವುದು ತಪ್ಪಲ್ಲವಾದರೆ ಅದೇ ಕೆಲಸವನ್ನು ಬಟ್ಟಲೊಂದು ಮಾಡಿದರೆ ಹೇಗೆ ತಪ್ಪು ಎಂಬುದು ನ್ಯಾಯಾಧೀಶರ ವಿಚಾರದ ಧಾಟಿ. ಬಳಸುವವನಿಗೆ ಹಿತವಾಗಿ ಸಮಾಜಕ್ಕೆ ಅಹಿತವಾಗದಿರುವ ರೀತಿಯಲ್ಲಿ ಟೆಲಿಫೋನನ್ನು ಬಳಸಿಕೊಳ್ಳುವ ಹಕ್ಕು ಅವನಿಗಿದೆಯೆಂದು ಅವರು ತೀರ್ಪಿತ್ತರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಾಲದಲ್ಲಿ ಅಲ್ಲಿಯ ಟೆಲಿಫೋನು ಸಾಮಾನ್ಯವಾಗಿ ಗ್ರಾಹಕನ ಸ್ವತ್ತಾಗಿರಲಿಲ್ಲ. ಸಂಸ್ಥೆಯಿಂದ ಬಾಡಿಗೆಗೆ ಬಂದುದಾಗಿತ್ತು. ಬಾಡಿಗೆಯ ವಸ್ತುವಿನಲ್ಲಿಯೇ ಬಳಸುವವನಿಗೆ ಇಷ್ಟು ಸ್ವಾತಂತ್ರ್ಯವುಂಟೆಂದ ಮೇಲೆ, ಪೂರ್ಣ ಬೆಲೆ ಕೊಟ್ಟು ಕೊಂಡ ವಸ್ತುವಿನಲ್ಲಿ ಎಷ್ಟಿರಬೇಡ? ನಮ್ಮ ಶಾಸ್ತ್ರಕಾರರು ಕೈಮುತಿಕ ನ್ಯಾಯವೆಂದು ಕರೆಯುವುದು ಇದನ್ನೇ.

ಈ ತೀರ್ಪಿನ ಜಾಡಿನಲ್ಲೇ ಮತ್ತೊಂದು ಬಂದಿತು. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬಾತ ದೂರದ ಎಣ್ಣೆಗಣಿಗಳಲ್ಲಿ ದುಡಿಯುವವರ ರೇಡಿಯೋವನ್ನು ಟೆಲಿಫೋನಿನೊಡನೆ ಕೂಡಿಸುವ ‘ಕಾರ್ಟರ್‌ಫೋನ್’ ಎಂಬ ಸಾಧನವನ್ನು ಮಾರುತ್ತಿದ್ದ. ಅದನ್ನು ನಿಷೇಧಿಸುವುದು ಸಲ್ಲದೆಂದು 1968ರಲ್ಲಿ ಅದೇ ಸಂಪರ್ಕ ಆಯೋಗ ತೀರ್ಮಾನಿಸಿತು. ಈ ತೀರ್ಮಾನ ತೆರೆದ ಬಾಗಿಲಿನಿಂದಲೇ ಉತ್ತರ ಧ್ವನಿಮುದ್ರಿಸುವ ಯಂತ್ರ, ಫ್ಯಾಕ್ಸು, ಗಣಕಯಂತ್ರವನ್ನು ಟೆಲಿಫೋನಿಗೆ ಕೂಡಿಸುವ ಮೋಡೆಮ್ ಮುಂತಾದವುಗಳು ಅಮೆರಿಕೆಯ ಮನೆಗಳನ್ನು ಹೊಕ್ಕವು. ಟೆಲಿಫೋನಿನ ಸಾಧ್ಯವನ್ನು ಅದರ ಒಡೆಯರಿಗಿಂತ ಹೊರಗಿನವರೇ ಹೆಚ್ಚಾಗಿ ಕಂಡುಕೊಂಡರು.

ಆದರೆ ಈ ಗೆಲುವು ಬಹುಕಾಲ ನಿಲ್ಲಲಿಲ್ಲ. ವಸ್ತುಗಳೊಳಗೆ ತಂತ್ರಾಂಶ ಸೇರಿಕೊಂಡಿತು. ಅದರೊಡನೆ ಬೀಗವೂ ಬಂದಿತು. ಇಂದಿನ ಫೋನು ಎಚ್ಚರಗೊಳ್ಳುವಾಗ ಅದರೊಳಗಿನ ಒಂದು ಚಿಕ್ಕ ತಂತ್ರಾಂಶ ಮೊದಲು ಎದ್ದು, ಮುಖ್ಯ ತಂತ್ರಾಂಶದ ಮೇಲೆ ತಯಾರಕನ ಗೂಢಲಿಪಿಯ ರುಜು ಇದೆಯೆ ಎಂದು ಪರೀಕ್ಷಿಸುತ್ತದೆ. ಬೀಗ ಬಿದ್ದಿರುವ ಫೋನಿನಲ್ಲಿ ರುಜುವಿಲ್ಲದ ತಂತ್ರಾಂಶಕ್ಕೆ ಪ್ರವೇಶವಿಲ್ಲ. ಬೀಗ ಮಾತ್ರವಾಗಿದ್ದರೆ ಜಾಣರು ತೆರೆದಾರು. ಬೀಗಕ್ಕೆ ಕಾನೂನು ಕಾವಲು ನಿಂತಿತು. 1998ರಲ್ಲಿ ಅಮೆರಿಕೆಯ ಶಾಸನಸಭೆ ಡಿಜಿಟಲ್ ಮಿಲೆನಿಯಮ್ ಕೃತಿಸ್ವಾಮ್ಯ ಅಧಿನಿಯಮವನ್ನು ಅಂಗೀಕರಿಸಿತು. ಹಾಡು ಚಲನಚಿತ್ರಗಳ ಕಳ್ಳಪ್ರತಿಗಳನ್ನು ತಡೆಯುವುದು ಅದರ ಘೋಷಿತ ಉದ್ದೇಶ. ಆದರೆ ಅದು ಕಳವನ್ನಷ್ಟೇ ಅಲ್ಲದೆ ಬೀಗ ತೆರೆಯುವುದನ್ನೇ ಅಪರಾಧದ ಪಟ್ಟಿಗೆ ಸೇರಿಸಿತು. ಸ್ವಂತ ಮನೆಯ ಬೀಗವಾದರೂ ಸರಿಯೆ!

ವಿನಾಯಿತಿ ಬೇಕಾದವರು ಮೂರು ವರ್ಷಗಳಿಗೊಮ್ಮೆ ಅಲ್ಲಿಯ ಸಂಸತ್ ಗ್ರಂಥಾಲಯದ ಮುಖ್ಯಸ್ಥರ ಮುಂದೆ ಮನವಿ ಸಲ್ಲಿಸಬೇಕು. ತನ್ನ ಫೋನಿನಲ್ಲಿ ತನಗೆ ಬೇಕಾದ ತಂತ್ರಾಂಶವನ್ನು ನಡೆಸಲು ಬೀಗ ತೆರೆಯಬಹುದೆಂಬ ವಿನಾಯಿತಿ ಬಂದದ್ದು 2010ರಲ್ಲಿ. ಒಂದು ಕಂಪೆನಿಯ ಸಂಪರ್ಕಕ್ಕೆ ಕಟ್ಟಿಹಾಕಿದ ಫೋನನ್ನು ಬಿಡಿಸಿಕೊಳ್ಳಲು 2006ರಲ್ಲಿ ದೊರೆತಿದ್ದ ವಿನಾಯಿತಿ 2012ರಲ್ಲಿ ತಪ್ಪಿಹೋಯಿತು. ಲಕ್ಷಕ್ಕೂ ಮಿಕ್ಕ ಜನ ಮನವಿಗೆ ರುಜು ಹಾಕಿ ಪ್ರತಿಭಟಿಸಿದ ಮೇಲೆ 2014ರಲ್ಲಿ ಅದಕ್ಕೆಂದೇ ಬೇರೆ ಕಾನೂನು ಮಾಡಬೇಕಾಯಿತು. 2015ರಲ್ಲಿ ಟ್ರ್ಯಾಕ್ಟರುಗಳ ಸರದಿ. ರೈತ ಟ್ರ್ಯಾಕ್ಟರನ್ನು ಕೊಂಡರೂ ಅದರೊಳಗಿನ ತಂತ್ರಾಂಶವನ್ನು ಕೊಂಡಂತಾಗಲಿಲ್ಲ, ವಾಹನ ಬಾಳುವವರೆಗೆ ಅದನ್ನು ನಡೆಸುವ ಅನುಮತಿಯಷ್ಟೇ ಅವನದೆಂದು ಜಾನ್ ಡೀರ್ ಕಂಪೆನಿ ಅಧಿಕಾರಿಗಳೆದುರು ವಾದಿಸಿತು. ಗ್ರಂಥಾಲಯದ ಮುಖ್ಯಸ್ಥರು ಆ ವಾದವನ್ನು ಬದಿಗಿಟ್ಟು, ದುರಸ್ತಿಗೂ ಕಾನೂನಿಗೆ ಒಳಪಟ್ಟ ಮಾರ್ಪಾಟಿಗೂ ರೈತನಿಗೆ ಅವಕಾಶವಿತ್ತರು. ಆದರೂ ಅದರಲ್ಲೊಂದು ಕೊರತೆಯುಳಿಯಿತು. ಬೀಗ ತೆರೆಯಲು ಅನುಮತಿಯುಂಟು. ಬೀಗದ ಕೈಯನ್ನು ಮಾಡಿ ಮಾರುವವನಿಗೆ ಆ ವಿನಾಯಿತಿಯ ರಕ್ಷಣೆಯಿಲ್ಲ. ಎಲ್ಲ ರೈತರೂ ಕಮ್ಮಾರರೆ?

ಆದರೂ ಅಮೆರಿಕೆಯ ಗ್ರಾಹಕನಿಗೆ ಒಂದು ಹಳೆಯ ಆಸರೆಯುಂಟು. ಕಂಪೆನಿಯದೇ ಬಿಡಿಭಾಗವನ್ನು ಬಳಸಿದರೆ ಮಾತ್ರ, ಕಂಪೆನಿಯವರಲ್ಲೇ ದುರಸ್ತಿ ಮಾಡಿಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು, ಅವುಗಳನ್ನು ಉಚಿತವಾಗಿ ಒದಗಿಸಿದ ಹೊರತು, 1975ರ ಮ್ಯಾಗ್ನಸನ್-ಮಾಸ್ ಅಧಿನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಚೀಟಿ ಹರಿದರೆ ವಾರಂಟಿ ರದ್ದು ಎಂಬ ಬಗೆಯ ಬೆದರಿಕೆಗಳನ್ನು ಮುಂದಿಟ್ಟುಕೊಂಡು 2018ರಲ್ಲಿ ಅಲ್ಲಿಯ ಕೇಂದ್ರ ವಾಣಿಜ್ಯ ಆಯೋಗ ಆರು ಕಂಪೆನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಆ ಪತ್ರದ ಸುದ್ದಿಯನ್ನು ಓದಿದಾಗ ನನ್ನ ಚಾರ್ಜಿನ ಕಿಂಡಿ ನೆನಪಾಯಿತು.

ಇನ್ನು ನಮ್ಮ ದೇಶದ ಮಾತು. ನಮ್ಮ ಕೃತಿಸ್ವಾಮ್ಯ ಅಧಿನಿಯಮ 1957ರದು. 2012ರ ತಿದ್ದುಪಡಿಯಿಂದ 65ಎ ಎಂಬ ಪ್ರಕರಣವನ್ನು ಸೇರಿಸಿ, ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆಮನೆಯನ್ನು ವಿಧಿಸಿದ್ದಾರೆ. ಇಷ್ಟನ್ನೇ ಓದಿದರೆ ಎದೆ ನಡುಗೀತು. ಆದರೆ ನಮ್ಮ ಶಾಸನಕರ್ತರು ಅಲ್ಲಿ ಒಂದು ವಿವೇಕದ ಮಾತನ್ನು ಇಟ್ಟಿದ್ದಾರೆ: ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅಪರಾಧ. ಅಧಿನಿಯಮ ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕಾಗಿ ಮುರಿಯುವುದಕ್ಕೆ ಅಡ್ಡಿಯಿಲ್ಲವೆಂದೂ ಅದೇ ಪ್ರಕರಣ ಹೇಳುತ್ತದೆ. ಹಾಗೆ ಮುರಿಯಲು ಬೇರೊಬ್ಬನಿಗೆ ನೆರವಾಗುವವನು ಮಾತ್ರ ಅವನ ಹೆಸರು, ವಿಳಾಸ, ಉದ್ದೇಶಗಳನ್ನು ಬರೆದಿಟ್ಟುಕೊಳ್ಳಬೇಕು. ಇನ್ನು 52ನೆಯ ಪ್ರಕರಣವು, ನ್ಯಾಯವಾಗಿ ಪಡೆದ ತಂತ್ರಾಂಶವನ್ನು ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗಾಗಿ ಮಾರ್ಪಡಿಸಿಕೊಳ್ಳುವುದು ಉಲ್ಲಂಘನೆಯಲ್ಲವೆಂದು ಸಾರುತ್ತದೆ. ಅಮೆರಿಕೆಯ ಕಾನೂನು ಬೀಗವನ್ನು ನೋಡಿದರೆ ನಮ್ಮದು ಬೀಗ ತೆರೆದವನ ಮನಸ್ಸನ್ನು ನೋಡುತ್ತದೆ. ಈ ಭೇದ ಸಣ್ಣದಲ್ಲ; ಆದರೆ ಇದನ್ನು ಬಲ್ಲ ಗ್ರಾಹಕರು ಎಷ್ಟು ಮಂದಿ?

ವಾರಂಟಿಯ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇನ್ನೂ ಇಷ್ಟು ಸ್ಪಷ್ಟತೆಯಿಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕರಿಗೆ ದೊರೆಯಗೊಡದಿರುವುದು ಪ್ರಾಬಲ್ಯದ ದುರುಪಯೋಗವೆಂದು 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಮೋಟಾರು ಕಂಪೆನಿಗಳ ವಿರುದ್ಧ ತೀರ್ಮಾನಿಸಿತು. 2019ರ ಗ್ರಾಹಕ ರಕ್ಷಣಾ ಅಧಿನಿಯಮವು ‘ಅನ್ಯಾಯದ ಕರಾರು’ ಎಂಬ ಕಲ್ಪನೆಯನ್ನು ತಂದು, ಅಂತಹ ಕರಾರಿನ ವಿರುದ್ಧ ರಾಜ್ಯ ಆಯೋಗದ ಮುಂದೆ ಹೋಗಲು ಹಾದಿ ಮಾಡಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕ’ನ್ನು ಪರಿಶೀಲಿಸಲು ಸಮಿತಿ ನೇಮಿಸಿ, ಕೃಷಿ ಯಂತ್ರಗಳು, ಫೋನುಗಳು, ಗೃಹೋಪಯೋಗಿ ಯಂತ್ರಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಗೊತ್ತುಮಾಡಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ದುರಸ್ತಿಯೆಂದರೆ ಕೆಟ್ಟ ಸಿದ್ಧವನ್ನು ಮತ್ತೆ ಸಿದ್ಧವಾಗಿಸುವುದು. ಮಾರ್ಪಾಟೆಂದರೆ ಸಾಧ್ಯವನ್ನು ಅರಸುವುದು. ನನ್ನ ಫೋನು ಕೆಟ್ಟಿರಲಿಲ್ಲ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ, ಅಷ್ಟೆ. ದುರಸ್ತಿಯ ಹಕ್ಕಿನಿಂದ ಮಾತ್ರವೇ ಅಂತಹ ಕೊರತೆ ನೀಗದು.

ತಯಾರಕರ ಪಕ್ಷದಲ್ಲಿ ಹೇಳುವ ಮಾತೇ ಇಲ್ಲವೆಂದಲ್ಲ. ಬೀಗ ತೆಗೆದ ಮನೆಗೆ ಕಳ್ಳನೂ ಹೊಕ್ಕಾನು. ಬ್ಯಾಂಕಿನ ವ್ಯವಹಾರವೆಲ್ಲ ಫೋನಿನಲ್ಲೇ ನಡೆಯುವ ಈ ದಿನಗಳಲ್ಲಿ ಅದು ಸುಳ್ಳು ಭಯವಲ್ಲ. ಮಾರ್ಪಾಟಿನಿಂದಲೇ ಫೋನು ಸುಟ್ಟುಹೋದರೆ ಆ ನಷ್ಟವನ್ನು ತಯಾರಕನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಕೆಲವು ಮಾರ್ಪಾಟುಗಳಂತೂ ನೇರವಾಗಿ ಸಮಾಜಕ್ಕೆ ಅಹಿತ. ಪ್ರತಿಯೊಂದು ಫೋನಿಗೂ ಇರುವ ಹದಿನೈದು ಅಂಕಿಗಳ ಗುರುತಿನ ಸಂಖ್ಯೆಯನ್ನು ತಿದ್ದಿದರೆ ಕದ್ದ ಫೋನಿನ ಜಾಡೇ ಅಳಿಸಿಹೋಗುತ್ತದೆ. 2023ರ ನಮ್ಮ ದೂರಸಂಪರ್ಕ ಅಧಿನಿಯಮ ಅಂತಹ ತಿದ್ದುಪಡಿಯನ್ನು ಅಪರಾಧವೆಂದು ಗಣಿಸಿರುವುದು ಯುಕ್ತವೇ. ಕ್ರಯಪತ್ರದಲ್ಲಿ ಸಾಧ್ಯವನ್ನು ಬರೆಸಿಕೊಂಡ ರೈತನೂ ಊರಿನ ಕಾಲುವೆಯನ್ನು ತನ್ನ ಹೊಲಕ್ಕೇ ತಿರುಗಿಸಿಕೊಳ್ಳುವಂತಿರಲಿಲ್ಲವಷ್ಟೆ.

ಆದ್ದರಿಂದ ಅಳತೆಗೋಲನ್ನು ಹುಡುಕಿ ಬಹುದೂರ ಹೋಗಬೇಕಾಗಿಲ್ಲ. ತನಗೆ ಹಿತ, ಪರರಿಗೆ ಅಹಿತವಲ್ಲ ಎಂಬ 1956ರ ಆ ಅಳತೆ ಇಂದಿಗೂ ಸವೆದಿಲ್ಲ. ಪರರಿಗೆ ಕೇಡಾಗುವುದೆಂದು ತೋರಿಸುವ ಹೊಣೆ ಬೀಗ ಹಾಕುವವನದಾಗಲಿ. ಮಾರ್ಪಾಟೇ ಕೇಡಿಗೆ ಕಾರಣವೆಂದು ಸಿದ್ಧಪಡಿಸಿದಾಗ ಮಾತ್ರ ವಾರಂಟಿ ತಪ್ಪಲಿ. ಉಳಿದಂತೆ, ಬೆಲೆ ತೆತ್ತವನ ಕೈಗೆ ವಸ್ತುವಿನ ಜೊತೆಗೆ ಬೀಗದ ಕೈಯೂ ಬರಲಿ. ತೆರೆಯುವುದೂ ಬಿಡುವುದೂ ಅವನ ಇಷ್ಟ.

ಬಸ್ಸು ನಿಲ್ದಾಣದ ಆ ಅಂಗಡಿ ಈಗಲೂ ಇದೆ; ಅಂದಿನ ಹುಡುಗ ಈಗ ಅದರ ಯಜಮಾನ. ಮೊನ್ನೆ 65ಎ ಪ್ರಕರಣವನ್ನು ಓದಿದ ಮೇಲೆ ಅಲ್ಲಿಗೆ ಹೋಗಿ, ನೆರವು ಪಡೆಯಲು ಬಂದವರ ಹೆಸರು, ವಿಳಾಸ, ಕಾರಣಗಳನ್ನು ಬರೆದಿಡಬೇಕಂತೆ ಎಂದು ತಿಳಿಸಿದೆ. ಅವನು ಮೇಜಿನ ಕೆಳಗಿನಿಂದ ನೂರು ಪುಟದ ಹೊಸ ನೋಟುಪುಸ್ತಕವೊಂದನ್ನು ತೆಗೆದು, “ಹಾಗಾದರೆ ಮೊದಲ ಹೆಸರು ನಿಮ್ಮದೇ ಬರೀತೀನಿ ಮೇಷ್ಟ್ರೆ. ಕಾರಣ ಏನಂತ ಬರೀಲಿ?” ಎಂದು ಕೇಳಿದ.

“ತಂಗಿಯ ಕಾಗದ ಓದುವುದಕ್ಕೆ ಎಂದು ಬರೆ” ಎಂದೆ.