ಮೂರು ಅಳಿವೆಗಳ ದಾರಿಯಲ್ಲಿ ಒಂದು ದಿನ

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಇವೆರಡರಲ್ಲಿ ಒಂದನ್ನು ಮಾಡಿದರೂ ಸಾಕೆಂದು ಅವರು ಉದಾರವಾಗಿ ಹೇಳಿಬಿಟ್ಟರು. ಆದರೆ ಕೋಶದ ನೆರವಿಲ್ಲದೆ ದೇಶ ಸುತ್ತುವವನಿಗೆ ಎಷ್ಟು ದಕ್ಕುತ್ತದೆ ಎಂಬುದನ್ನು ತಿಳಿಯಬೇಕಾದರೆ ರಜೆಯ ದಿನಗಳಲ್ಲಿ ಗೋಕರ್ಣದ ರಥಬೀದಿಯನ್ನು ನೋಡಬೇಕು. ದೂರದ ನಗರಗಳಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಜನ ಮಹಾಬಲೇಶ್ವರನ ದರ್ಶನ ಪಡೆದು, ಸಮುದ್ರದಲ್ಲಿ ಒಮ್ಮೆ ಮುಳುಗಿ, ಹತ್ತಾರು ಚಿತ್ರಗಳನ್ನು ತೆಗೆದುಕೊಂಡು, ಸಂಜೆಯ ವಾಹನಕ್ಕೆ ಹಿಂದಿರುಗುತ್ತಾರೆ. ಉತ್ತರ ಕನ್ನಡವನ್ನು ನೋಡಿದೆವೆಂಬ ತೃಪ್ತಿಯೂ ಅವರಿಗೆ ಉಂಟು. ಅವರು ನೋಡಿದ್ದು ಸುಳ್ಳಲ್ಲ. ಆದರೆ ಅವರಿಗೆ ಯಾರೂ ಏನನ್ನೂ ಹೇಳಲಿಲ್ಲ.

ಯುರೋಪಿನ ಮೆಡಿಟರೇನಿಯನ್ ತೀರದಲ್ಲಿ ಸಂಗತಿ ಬೇರೆ. ಫ್ರಾನ್ಸಿನ ನೀಸ್ ನಗರದಲ್ಲಿ ಇಳಿದುಕೊಂಡ ಪ್ರವಾಸಿಯ ಬಾಗಿಲಿಗೆ ಬೆಳಗ್ಗೆ ಮಾರ್ಗದರ್ಶಿಯೊಬ್ಬ ಕಾರಿನೊಡನೆ ಬಂದು ನಿಲ್ಲುತ್ತಾನೆ. ಒಂದೇ ಹಗಲಿನಲ್ಲಿ ಆಂಟೀಬ್ ಎಂಬ ಕಡಲ ಪಟ್ಟಣ, ಬಂಡೆಯ ನೆತ್ತಿಯ ಮೇಲೆ ಹದ್ದಿನ ಗೂಡಿನಂತೆ ಕುಳಿತ ಎಝ್ ಗ್ರಾಮ, ಕೋಟೆಗೋಡೆಯೊಳಗೆ ಮಧ್ಯಯುಗವನ್ನು ಉಳಿಸಿಕೊಂಡಿರುವ ಸೇಂಟ್ ಪಾಲ್, ಎರಡು ಚದರ ಕಿಲೋಮೀಟರಿನ ಪುಟ್ಟ ರಾಜ್ಯ ಮೊನಾಕೊ, ಇಷ್ಟನ್ನೂ ತೋರಿಸಿ ಸಂಜೆಗೆ ಮನೆಗೆ ಮುಟ್ಟಿಸುತ್ತಾನೆ. ಈ ಹಳ್ಳಿಗಳು ಸಮುದ್ರದ ದಂಡೆಯನ್ನು ಬಿಟ್ಟು ಗುಡ್ಡವನ್ನೇಕೆ ಏರಿದವು? ಕಡಲ್ಗಳ್ಳರ ಭಯದಿಂದ. ಬೀದಿಗಳು ಇಷ್ಟು ಕಿರಿದಾಗಿ ತಿರುಚಿಕೊಂಡಿರುವುದೇಕೆ? ಗೋಡೆಯೊಳಗಿನ ನೆಲ ಅಷ್ಟೇ ಇದ್ದುದರಿಂದ. ಕಲ್ಲು ಎಲ್ಲ ದೇಶಗಳಲ್ಲಿಯೂ ಮೂಕ. ಅದಕ್ಕೆ ಮಾತು ಕೊಡುವವನು ಮಾರ್ಗದರ್ಶಿ. ಫ್ರಾನ್ಸ್ ದೇಶದಲ್ಲಿ ವಸ್ತುಸಂಗ್ರಹಾಲಯಗಳಲ್ಲಿಯೂ ಐತಿಹಾಸಿಕ ಸ್ಮಾರಕಗಳಲ್ಲಿಯೂ ವೃತ್ತಿಯಾಗಿ ವಿವರಣೆ ನೀಡುವವರು ಸರಕಾರದ ಅರ್ಹತಾ ಚೀಟಿಯನ್ನು ಪಡೆದಿರಬೇಕು. ಊರಿನ ಕತೆ ಹೇಳುವುದನ್ನು ಅವರು ಅಷ್ಟು ಹೊಣೆಗಾರಿಕೆಯ ಕೆಲಸವೆಂದು ಬಗೆದಿದ್ದಾರೆ.

ಅಲ್ಲಿಂದ ಇಲ್ಲಿಗೆ ಬಂದವರು

ವಿನೋದವೆಂದರೆ, ಆ ಮೆಡಿಟರೇನಿಯನ್ ತೀರದ ಜನರೇ ಹಿಂದೆ ನಮ್ಮ ಕರಾವಳಿಯನ್ನು ನೋಡಲು ಬಂದಿದ್ದರು. ಆ ಸಮುದ್ರದ ಹೆಬ್ಬಾಗಿಲಿನಲ್ಲಿರುವ ಟಾಂಜೀರ್ ಪಟ್ಟಣದ ಇಬ್ನ್ ಬತೂತಾ ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿ ಹುಡುಗಿಯರಿಗಾಗಿ 13 ಶಾಲೆಗಳೂ ಹುಡುಗರಿಗಾಗಿ 23 ಶಾಲೆಗಳೂ ಇದ್ದುವೆಂದು ಬರೆದಿಟ್ಟ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿಗೆ ಹೋದ. ದಾರಿಯಲ್ಲಿ ಗುಡಿಯೊಂದರ ಮುಖಮಂಟಪದಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಒಟ್ಟಾಗಿ ರಾಗವೆಳೆದು ಹಾಡುತ್ತ, ಬೆರಳಿನಿಂದ ಬರೆದು ಪಾಠ ಕಲಿಯುತ್ತಿದ್ದುದನ್ನು ಕಂಡು ಬೆರಗಾದ. ಅವರನ್ನು ಮಾತನಾಡಿಸಿ, ವಿಚಾರಿಸಿ, ಬರೆದುಕೊಂಡ. ಈ ವಿಚಾರಿಸುವ ಬುದ್ಧಿ ಇದ್ದುದರಿಂದಲೇ ಅವರ ಪ್ರವಾಸ ನಾಲ್ಕು ಶತಮಾನಗಳ ನಂತರವೂ ನಮಗೆ ಉಪಯೋಗಕ್ಕೆ ಬಂದಿದೆ.

ಅಂತಹ ಒಂದು ದಿನದ ಪ್ರವಾಸವನ್ನು ಕಾರವಾರದಿಂದ ಅಂಕೋಲೆಯ ಮಂಜಗುಣಿಯ ಮೇಲೆ ಮಿರ್ಜಾನದವರೆಗೆ ನಮ್ಮವರು ಏಕೆ ಮಾಡಬಾರದು? ದೂರ ನೂರು ಕಿಲೋಮೀಟರಿಗೂ ಕಡಮೆ. ಆದರೆ ಇಲ್ಲಿನ ಭೂಗೋಳದ ಮರ್ಮವನ್ನು ಮೊದಲು ತಿಳಿದಿರಬೇಕು. ಅಲ್ಲಿಯ ಇತಿಹಾಸ ಗುಡ್ಡದ ತುದಿಗೆ ಏರಿದೆ. ಇಲ್ಲಿಯ ಇತಿಹಾಸ ನದಿಯ ಬಾಯಲ್ಲಿ ಕುಳಿತಿದೆ. ಸಹ್ಯಾದ್ರಿಯ ಮೇಲೆ ಬೆಳೆದ ಕಾಳುಮೆಣಸು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಕಣಿವೆಗಳನ್ನು ಹಿಡಿದು ಕಡಲಿಗೆ ಇಳಿಯುತ್ತಿತ್ತು. ನದಿ ಸಮುದ್ರವನ್ನು ಸೇರುವ ಅಳಿವೆಯನ್ನು ಯಾರು ಕಾಯುವರೋ ಅವರ ಕೈಗೆ ಸುಂಕ. ಆದುದರಿಂದ ಅಳಿವೆಗೊಂದು ಬಂದರು, ಬಂದರಿಗೊಂದು ಕೋಟೆ. ಈ ಸೂತ್ರವನ್ನು ಹಿಡಿದುಕೊಂಡರೆ ಇಡೀ ಕರಾವಳಿ ತೆರೆದ ಪುಸ್ತಕವಾಗುತ್ತದೆ.

ಬೆಳಗು: ಕಾಳಿಯ ಬಾಯಲ್ಲಿ

ಪ್ರವಾಸವನ್ನು ಕಾರವಾರದಲ್ಲಿ ಬೆಳಗಿನ ತಂಪಿನಲ್ಲಿ ಆರಂಭಿಸುವುದು ಲೇಸು. ಕಾಳಿ ನದಿಯ ಉತ್ತರ ದಂಡೆಯ ಮೇಲೆ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡ ನಿಂತಿದೆ; ಹೆದ್ದಾರಿಯು ಆ ಗುಡ್ಡವನ್ನು ಸೀಳಿಕೊಂಡೇ ಹೋಗುತ್ತದೆ. ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ಬಿದ್ದಿತು. ಇಂಗ್ಲಿಷ್ ವರ್ತಕರು ಇಲ್ಲಿ ತಮ್ಮ ಕೋಠಿಯನ್ನು ತೆರೆದುದು 1638ರಲ್ಲಿ. ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದು 1862ರಲ್ಲಿ. ಕಾರವಾರ ದೊಡ್ಡ ಊರಾದುದು ಆ ಮೇಲಿನ ಮಾತು.

ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಬೆಳುದಿಂಗಳಿನಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಸಾಗಿ, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಇಲ್ಲಿಯೇ ಬರೆದರು. ಕಡಲತೀರಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಹತ್ತಿರದ ಅಂಜುದೀವ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ಚುಗೀಸರಿಂದ ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. ಈಗ ಅದು ಕದಂಬ ನೌಕಾನೆಲೆಯ ಆವರಣಕ್ಕೆ ಸೇರಿದುದರಿಂದ ಪ್ರವಾಸಿಗೆ ಪ್ರವೇಶವಿಲ್ಲ. ಈ ನೆಲೆಗಾಗಿ ಕಾರವಾರ, ಅಂಕೋಲೆಗಳ ನಡುವಿನ ಹಲವು ಹಳ್ಳಿಗಳ ಜನ ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟುಕೊಟ್ಟರು. ಹೆದ್ದಾರಿಯಲ್ಲಿ ಬೇಲಿಯೊಂದನ್ನೇ ಕಾಣುವ ಪ್ರವಾಸಿಗೆ ಇದನ್ನು ಹೇಳಲು ಬಲ್ಲವರು ಪಕ್ಕದಲ್ಲಿರಬೇಕು.

ಉಪ್ಪಿನ ಊರು

ಸುಮಾರು 33 ಕಿಲೋಮೀಟರು ದಕ್ಷಿಣಕ್ಕೆ ಬಂದರೆ ಅಂಕೋಲೆ. ಕೋಟೆ ಕೊತ್ತಲಗಳಿಗಿಂತ ದೊಡ್ಡ ಇತಿಹಾಸ ಇಲ್ಲಿ ಉಪ್ಪಿನಲ್ಲಿದೆ. 1930ನೆಯ ಇಸವಿ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಇಲ್ಲಿಯೇ ನಡೆಯಿತು. ಅನಂತರದ ಕರನಿರಾಕರಣೆಯ ಚಳವಳಿಯಲ್ಲಿ ತಾಲೂಕಿನ ರೈತರು ಹೊಲಮನೆಗಳ ಜಪ್ತಿಗೂ ಜಗ್ಗದೆ ನಿಂತರು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದುದು ಹೀಗೆ. ಚುಟುಕಗಳ ಬ್ರಹ್ಮನೆನಿಸಿದ ದಿನಕರ ದೇಸಾಯಿಯವರು ಈ ತಾಲೂಕಿನವರು; ಅವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಹಳ್ಳಿಗೆ ಶಾಲೆಯನ್ನು ಒಯ್ದಿತು.

ಪುಸ್ತಕಕ್ಕಿಂತ ಹಿರಿದಾದ ಕೋಶಗಳೂ ಇಲ್ಲಿ ಇದ್ದುವು. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಒಕ್ಕಲಿಗರ ನೂರಾರು ಹಾಡುಗಳನ್ನು ನೆನಪಿನಲ್ಲಿಯೇ ಹೊತ್ತಿದ್ದರು. ಹೊನ್ನಳ್ಳಿಯ ತುಳಸಿ ಗೌಡ ಓದುಬರಹ ಕಲಿಯದೆಯೇ ಕಾಡಿನ ಬೀಜ, ಗಿಡಗಳ ಗುಣವನ್ನೆಲ್ಲ ಬಲ್ಲವರಾಗಿದ್ದರು. ಇಬ್ಬರಿಗೂ ಪದ್ಮಶ್ರೀ ದೊರೆಯಿತು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿಯವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ಅಂತರದಲ್ಲಿ ಒಂದು ತಾಲೂಕು ಎರಡು ಗ್ರಂಥಾಲಯಗಳನ್ನು ಕಳೆದುಕೊಂಡಿತೆಂದರೆ ತಪ್ಪಾಗದು.

ಮಂಜಗುಣಿಯ ದಂಡೆ

ಅಂಕೋಲೆಯಿಂದ ಹೆದ್ದಾರಿಯನ್ನು ಬಿಟ್ಟು ಕಡಲಿನ ಕಡೆಗೆ ತಿರುಗಿದರೆ ಮಂಜಗುಣಿ. ಶಿರಸಿಯ ಬಳಿಯಲ್ಲಿ ವೆಂಕಟರಮಣ ದೇವಸ್ಥಾನದಿಂದ ಹೆಸರಾದ ಮಂಜುಗುಣಿ ಬೇರೆ, ಈ ಮಂಜಗುಣಿ ಬೇರೆ. ಇಲ್ಲಿ ಯಾತ್ರಿಕರ ನೂಕುನುಗ್ಗಲಿಲ್ಲ. ಧಾರವಾಡದ ಬಳಿ ಹುಟ್ಟಿ, ಬೇಡ್ತಿ ಎಂಬ ಹೆಸರಿನಿಂದ ಯಲ್ಲಾಪುರದ ಕಾಡುಗಳನ್ನು ಹಾಯ್ದು, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡ ನದಿ ಇಲ್ಲಿ ಸಮುದ್ರವನ್ನು ಕೂಡುತ್ತದೆ. ಈ ದಂಡೆಯಲ್ಲಿ ಮಂಜಗುಣಿ, ಆ ದಂಡೆಯಲ್ಲಿ ಗಂಗಾವಳಿ ಎಂಬ ಊರು. ಅಲ್ಲಿಂದ ಮುಂದೆ ಗೋಕರ್ಣ. ತೆಂಗಿನ ಸಾಲು, ಮೀನುಗಾರರ ದೋಣಿ, ಒಣಹಾಕಿದ ಬಲೆ, ಭರತಕ್ಕೆ ಉಬ್ಬಿ ಇಳಿತಕ್ಕೆ ಸೊರಗುವ ಅಳಿವೆ: ನೋಡತಕ್ಕವುಗಳ ಪಟ್ಟಿಯಲ್ಲಿ ಸೇರಿಸಲು ಇಷ್ಟೇ ಸಾಮಗ್ರಿ.

ಆದರೆ ನೋಡುವುದಕ್ಕಿಂತ ಇಲ್ಲಿ ಕೇಳಬೇಕಾದುದು ಹೆಚ್ಚು. ತಲೆಮಾರುಗಳಿಂದ ಜನ ಈ ಕಡವನ್ನು ದೋಣಿಯಲ್ಲಿ ದಾಟಿದರು. ಅಳಿವೆಯ ಮರಳದಿಬ್ಬ ಮಳೆಗಾಲದ ನಂತರ ಎಲ್ಲಿಗೆ ಸರಿಯುತ್ತದೆ, ಯಾವ ತಿಥಿಗೆ ನೀರು ಎಷ್ಟು ಏರುತ್ತದೆ, ಯಾವ ಗಾಳಿಗೆ ಯಾವ ಮೀನು, ಇವೆಲ್ಲ ದೋಣಿ ನಡೆಸುವವನ ಶಾಸ್ತ್ರ. ಈಗ ನದಿಗೆ ಅಡ್ಡಲಾಗಿ ಸೇತುವೆ ಎದ್ದಿದೆ. ಸೇತುವೆ ಬೇಡವೆನ್ನುವವರು ಯಾರೂ ಇಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ, ಆಸ್ಪತ್ರೆಗೆ ಹೋಗುವ ಬಸುರಿಗೆ, ಪೇಟೆಗೆ ಮೀನು ಒಯ್ಯುವ ಹೆಂಗಸಿಗೆ ಅದರ ಬೆಲೆ ಏನೆಂಬುದು ಗೊತ್ತು. ಆದರೆ ಸೇತುವೆ ಬಂದ ಊರಿನಲ್ಲಿ ಪ್ರಯಾಣಿಕ ಇಳಿಯುವುದಿಲ್ಲ. ದೋಣಿಗಾಗಿ ಕಾಯುತ್ತ ನಿಂತವನು ಊರಿನವರೊಡನೆ ನಾಲ್ಕು ಮಾತನಾಡುತ್ತಿದ್ದ. ಸೇತುವೆಯ ಮೇಲಿನ ಕಾರಿಗೆ ಮಂಜಗುಣಿ ಎಂದರೆ ಅರ್ಧ ನಿಮಿಷ.

ನದಿಯ ಸ್ವಭಾವವನ್ನು ಬಲ್ಲವರ ಮಾತಿಗೆ ಬೆಲೆಯಿದೆ ಎನ್ನಲು ದೂರದ ಸಾಕ್ಷಿ ಬೇಡ. ಇದೇ ಗಂಗಾವಳಿಯ ಮೇಲ್ಭಾಗದಲ್ಲಿ, ಶಿರೂರಿನಲ್ಲಿ, ಹೆದ್ದಾರಿಯನ್ನು ಅಗಲಗೊಳಿಸಲು ಕಡಿದಿದ್ದ ಗುಡ್ಡ 2024ರ ಜುಲೈ 16ರಂದು ಕುಸಿದು ನದಿಗೆ ಬಿತ್ತು. ದಾರಿಬದಿಯ ಚಹದಂಗಡಿಯೂ ನಿಂತ ವಾಹನಗಳೂ ಮಣ್ಣಿನೊಡನೆ ಹೋದವು. ಪುಟಿದೆದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಅಪ್ಪಳಿಸಿತು. ಹನ್ನೊಂದು ಮಂದಿ ಬಲಿಯಾದರು. ಲಾರಿಯೊಂದು ನದಿಯ ತಳದಲ್ಲಿ ಸಿಕ್ಕಿದುದು ಎರಡು ತಿಂಗಳು ಕಳೆದ ಮೇಲೆ. ಗುಡ್ಡಕ್ಕೂ ನದಿಗೂ ನಡುವೆ ಎಷ್ಟು ಇಕ್ಕಟ್ಟಾದ ನೆಲದಲ್ಲಿ ಇಲ್ಲಿಯ ಜನ ಬಾಳುತ್ತಾರೆಂಬುದನ್ನು ಹೇಳದೆ ಈ ದಾರಿಯ ಸೊಬಗನ್ನು ಮಾತ್ರ ಬಣ್ಣಿಸುವುದು ನ್ಯಾಯವಲ್ಲ.

ಮಧ್ಯಾಹ್ನದಿಂದ ಸಂಜೆಗೆ

ನದಿಯಾಚೆಗೆ ಗೋಕರ್ಣ. ಕಾಳಿದಾಸನ ‘ರಘುವಂಶ’ದಲ್ಲಿಯೂ ಹೆಸರು ಪಡೆದ ಈ ಕ್ಷೇತ್ರದಲ್ಲಿ ದೇವಸ್ಥಾನ, ಕೋಟಿತೀರ್ಥ, ರಥಬೀದಿಯ ಹಳೆಯ ಮನೆಗಳು ಇವನ್ನು ನಿಧಾನವಾಗಿ ನಡೆದು ನೋಡಬೇಕು. ಹತ್ತಿರದ ಹನೇಹಳ್ಳಿ ಯಶವಂತ ಚಿತ್ತಾಲರ ಹುಟ್ಟೂರು. ಅವರ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಊರನ್ನು ಕಣ್ಣಾರೆ ಕಂಡ ಓದುಗನಿಗೆ ಆ ಪುಟಗಳು ಹೊಸದಾಗಿ ತೋರುತ್ತವೆ. ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಬೇಸಗೆಯಲ್ಲಿ ಹೋದರೆ ಅಘನಾಶಿನಿಯ ಉಪ್ಪುನೀರು ಬಿಸಿಲಿಗೆ ಆರಿ, ತುಸು ಕಂದು ಬಣ್ಣದ ಹರಳಾಗುವುದನ್ನು ನೋಡಬಹುದು. 1952ರಿಂದ ಒಡೆಯರ ಸಹಕಾರಿ ಸಂಘವೇ ಇದನ್ನು ನಡೆಸಿಕೊಂಡು ಬಂದಿದೆ. ಬೆಳಗ್ಗೆ ಅಂಕೋಲೆಯಲ್ಲಿ ಕೇಳಿದ ಉಪ್ಪಿನ ಕತೆಯ ಅರ್ಥ ಇಲ್ಲಿ ಅಂಗೈ ಮೇಲೆ ನಿಲ್ಲುತ್ತದೆ. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವೂ, ಇಳಿತದ ಹೊತ್ತಿಗೆ ಬೆಳಚು ಹೆಕ್ಕುವ ಹೆಂಗಸರೂ ಕಣ್ಣಿಗೆ ಬೀಳುವುದುಂಟು.

ಬಿಸಿಲು ಇಳಿಯುವಾಗ ಮಿರ್ಜಾನ ಕೋಟೆಯನ್ನು ಸೇರಬೇಕು. ಚಿರೇಕಲ್ಲಿನ ಎತ್ತರದ ಗೋಡೆ, ಕಂದಕ, ಆಳವಾದ ಬಾವಿಗಳು, ಹಾವಸೆ ಹಿಡಿದ ಮೆಟ್ಟಿಲುಗಳು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಈ ಕೋಟೆ ಬೆಸೆದುಕೊಂಡಿದೆ. ಪೋರ್ಚುಗೀಸರು ಆಕೆಯನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಲಿಸ್ಬನ್ನಿನ ಅಡುಗೆಮನೆಗೆ ಹೋದ ಮೆಣಸು ಇಂತಹ ಅಳಿವೆಗಳನ್ನೇ ದಾಟಿಹೋಯಿತು.

ಹೇಳುವವರು ಯಾರು?

ದಾರಿಯಿದೆ, ಊರುಗಳಿವೆ, 1998ರಿಂದ ಕೊಂಕಣ ರೈಲು ಇದೆ. ಇಲ್ಲದಿರುವುದು ಜೊತೆಗೆ ಬರುವ ಬಲ್ಲಿದರು. ಹಂಪೆಯಲ್ಲಿ, ಬೇಲೂರಿನಲ್ಲಿ ಮಾರ್ಗದರ್ಶಿಗಳು ಪ್ರವಾಸಿಯನ್ನು ಕರೆದೊಯ್ದು ಕಲ್ಲುಕಲ್ಲಿನ ಕತೆ ಹೇಳುತ್ತಾರೆ; ಕರಾವಳಿಯ ಈ ಸಾಲಿನಲ್ಲಿ ಆ ಕೆಲಸವನ್ನು ಬಾಡಿಗೆ ಕಾರಿನ ಚಾಲಕನೇ ಮಾಡಬೇಕಾಗಿದೆ. ದೋಣಿಯ ಹುಟ್ಟು ಕೆಳಗಿಟ್ಟವರು, ಉಪ್ಪಿನ ಆಗರದಲ್ಲಿ ದುಡಿದವರು, ಕಾಲೇಜು ಓದಿ ಕೆಲಸಕ್ಕಾಗಿ ಗೋವೆಯ ಬಸ್ಸು ಹತ್ತುವ ತರುಣ ತರುಣಿಯರು, ಇವರಲ್ಲಿ ಹತ್ತು ಮಂದಿಗೆ ತಾಲೂಕಿನ ಇತಿಹಾಸವನ್ನೂ ಎರಡು ಪರಭಾಷೆಗಳನ್ನೂ ಕಲಿಸಿ, ಸರಕಾರದ ಅರ್ಹತಾಪತ್ರ ಕೊಟ್ಟರೆ, ಸೇತುವೆ ಕಸಿದ ಗಳಿಕೆಯ ಒಂದು ಪಾಲು ಊರಿಗೆ ಹಿಂದಿರುಗೀತು. ನಮ್ಮ ಕಾಲೇಜುಗಳ ಇತಿಹಾಸ, ಕನ್ನಡ ವಿಭಾಗಗಳಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಬೇರೊಂದಿಲ್ಲ. ಅಜ್ಜ ಅಜ್ಜಿಯರಿರುವಾಗಲೇ ಅವರ ಬಾಯಿಂದ ಕೇಳಿ ಬರೆದುಕೊಂಡರೆ ಪಾಠಪುಸ್ತಕ ಸಿದ್ಧವಾದಂತೆಯೇ.

ಓದುಗರಲ್ಲಿ ಯಾರಾದರೂ ಈ ಚಳಿಗಾಲದಲ್ಲಿ ಆ ಕಡೆಗೆ ಹೊರಟರೆ ಒಂದು ಬಿನ್ನಹ. ಮಂಜಗುಣಿಯ ಸೇತುವೆಯ ಬಳಿ ಕಾರನ್ನು ನಿಲ್ಲಿಸಿ ಕೆಳಗಿಳಿಯಿರಿ. ಬಲೆ ಹೆಣೆಯುತ್ತ ಕುಳಿತ ಹಿರಿಯರಿದ್ದರೆ ನಮಸ್ಕಾರ ಹೇಳಿ, ನೀರು ಯಾವಾಗ ಏರುತ್ತದೆಂದು ಕೇಳಿರಿ. ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಕೇಳುವಷ್ಟು ಬಿಡುವನ್ನು ಮಾತ್ರ ನೀವು ಜೊತೆಗೆ ತಂದಿರಬೇಕು.